ಗೋಡೆ ಬೀಳುವ ಮುನ್ನ ಒಂದು ಕೆಂಪು

ಏಳು ಗುಡ್ಡದಾಚೆ ಒಬ್ಬ ರಾಣಿ ಇದ್ದಳಂತೆ. ಅವಳ ಹಣೆಯ ಕುಂಕುಮದ ಕೆಂಪನ್ನು ಒಂದು ರಾತ್ರಿ ಯಾರೋ ಕದ್ದರಂತೆ. ಕುಂಕುಮ ಅಲ್ಲೇ ಇತ್ತು, ಕೆಂಪು ಮಾತ್ರ ಇರಲಿಲ್ಲ. ಹುಡುಕಿ ತರುತ್ತೇನೆಂದು ಮಾತು ಕೊಟ್ಟ ದಾಸಿ ದಾಸವಾಳದ ಕೆಂಪು ತಂದಳು, ಗಿಳಿಯ ಕೊಕ್ಕಿನ ಕೆಂಪು ತಂದಳು. ಎಲ್ಲದಕ್ಕೂ ರಾಣಿಯದು ಒಂದೇ ಮಾತು: ‘ಇದು ನನ್ನದಲ್ಲ.’ ಚಿಕ್ಕಂದಿನಲ್ಲಿ ನನ್ನಜ್ಜಿ ಹೇಳುತ್ತಿದ್ದ ಈ ಕತೆಯಲ್ಲಿ ಕೊನೆಗೆ ಕೆಂಪು ಸಿಕ್ಕಿತೋ ಇಲ್ಲವೋ ಗೊತ್ತಿಲ್ಲ. ಅಷ್ಟು ಹೊತ್ತಿಗೆ ಪ್ರತಿಸಲವೂ ನಿದ್ದೆ ಬಂದಿರುತ್ತಿತ್ತು.

ಆ ದಾಸಿಯನ್ನು ನೆನಪಿಸುವ ಹೆಂಗಸೊಬ್ಬರು ಬೆಳಗಿನ ಆರೂಮುಕ್ಕಾಲಿಗೆ ಸಿದ್ದಾಪುರ ತಾಲೂಕಿನ ತ್ಯಾಗಲಿಯಲ್ಲಿ, ಮಣ್ಣಿನ ಗೋಡೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹೆಸರು ಸೌಮ್ಯ. ವಯಸ್ಸು ನಲವತ್ತೊಂದು. ಎದುರಿಗೆ ಎರಡು ಕ್ಯಾಮೆರಾ: ಒಂದು ಅವರು ಕೆಲಸ ಮಾಡುವ ಸ್ಟುಡಿಯೋದ ಹೊಚ್ಚ ಹೊಸದು, ಇನ್ನೊಂದು ಯಲ್ಲಾಪುರದಿಂದ ಎರವಲು ತಂದ, ಮೂಲೆಗಳಲ್ಲಿ ಬಣ್ಣ ಎದ್ದುಹೋದ ಹಳೆಯದು. ಕಿಟಕಿಯಿಲ್ಲದ ಒಳಕೋಣೆ. ಮೂಡಲ ಬಾಗಿಲಿಂದ ಬರುವ ಬೆಳಕು ಗೋಡೆಯ ಮೇಲೆ ನಿಲ್ಲುವುದು ಇಪ್ಪತ್ತು ನಿಮಿಷ ಮಾತ್ರ.

ಗೋಡೆಯ ತುಂಬ ಹಸೆ ಚಿತ್ತಾರ. ಕೆಮ್ಮಣ್ಣು ಸಾರಿಸಿ, ಅದರ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ನಾರಿನ ಕುಂಚದಿಂದ ಎಳೆ ಎಳೆಯಾಗಿ ಬರೆದದ್ದು. ಬರೆದವರು ಈ ಮನೆಯ ಸುಬ್ಬಿ. ಊರಿಗೆಲ್ಲ ಸುಬ್ಬಜ್ಜಿ. ಎರಡು ವರ್ಷದ ಹಿಂದೆ ಮೊಮ್ಮಗಳ ಮದುವೆಗೆ ಬರೆದ ಇದೇ ಅವರ ಕೊನೆಯ ಹಸೆ. ಈಗ ಅವರ ಒಂದು ಕಣ್ಣು ಪೂರ್ತಿ ಹೋಗಿದೆ. ಇನ್ನೊಂದಕ್ಕೆ ಶಿರಸಿಯ ಕಣ್ಣಿನ ಡಾಕ್ಟರು ಮಳೆಗಾಲದವರೆಗೆ ಗಡುವು ಕೊಟ್ಟಿದ್ದಾರೆ. ಮಬ್ಬುಗತ್ತಲೆಯ ಈ ಕೋಣೆಯಲ್ಲಿ ಅಜ್ಜಿಗೆ ತಮ್ಮದೇ ಗೋಡೆ ಕಾಣುವುದಿಲ್ಲ. ಗೋಡೆಗೂ ಆಯುಷ್ಯವಿಲ್ಲ. ಗೆದ್ದಲು ತಿಂದು ಹೊಟ್ಟೆ ಉಬ್ಬಿದೆ, ಇವತ್ತು ಕೆಡವುತ್ತಾರೆ.

ಅಜ್ಜಿಯ ಮಗ ಜಟ್ಟಪ್ಪ ಹಾರೆ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಾರೆ. “ಎಷ್ಟೊತ್ತು ಮಾರಾಯ್ತಿ? ಗೋಡೆ ಎಲ್ಲೂ ಓಡಿ ಹೋಗ್ತಿಲ್ಲ, ನಾನೇ ಬೀಳಿಸ್ಬೇಕು.”

“ನೀ ಬಾಗ್ಲು ಬಿಟ್ಟು ನಿಲ್ಲು ಜಟ್ಟಣ್ಣ. ಬೆಳಕೆಲ್ಲ ನಿನ್ ಹೊಟ್ಟೆಗೇ ಹೋಗ್ತದೆ.”

ಜಟ್ಟಪ್ಪ ನಗುತ್ತಾರೆ, ಪಕ್ಕಕ್ಕೆ ಸರಿಯುತ್ತಾರೆ. ಹಾರೆ ಮಾತ್ರ ಕೆಳಗಿಡುವುದಿಲ್ಲ.

ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಸ್ಟುಡಿಯೋವೊಂದರ ಒಳಕೋಣೆಯಲ್ಲಿ ಸೌಮ್ಯ ಹತ್ತೊಂಬತ್ತು ವರ್ಷದಿಂದ ಕೂತಿದ್ದಾರೆ. ಬಂದದ್ದು ಪಾಸ್‌ಪೋರ್ಟ್ ಫೋಟೋ ಕತ್ತರಿಸಲು. ಈಗ ಮೂರು ತಾಲೂಕಿನ ಮದುವೆ ವಿಡಿಯೋಗಳ ಬಣ್ಣ ಸರಿಪಡಿಸುತ್ತಾರೆ. ಯಲ್ಲಾಪುರದ ಮೆಮೊರಿ ಕಾರ್ಡು ಸುಣ್ಣದ ಡಬ್ಬಿಯಲ್ಲಿ ಶಿರಸಿ ಬಸ್ಸು ಹತ್ತಿ, ಅಲ್ಲಿ ಇಳಿದು ಸಿದ್ದಾಪುರ ಬಸ್ಸು ಹತ್ತಿ ಅವರ ಮೇಜಿಗೆ ಬರುತ್ತದೆ. ಒಂದು ಹಂಗಾಮಿಗೆ ಅರವತ್ತೆಪ್ಪತ್ತು ಮದುವೆ, ದಿನಕ್ಕೆ ಒಂಬತ್ತು ಗಂಟೆ ಪರದೆ. ಸಂಜೆ ಹೊರಗೆ ಬಂದರೆ ಸ್ವಲ್ಪ ಹೊತ್ತು ಎಲ್ಲರ ಮುಖವೂ ಹಸಿರಾಗಿ ಕಾಣುತ್ತದಂತೆ. ವಿಡಿಯೋದ ಕೊನೆಯಲ್ಲಿ ಸ್ಟುಡಿಯೋದ ಹೆಸರು ಬರುತ್ತದೆ, ಕ್ಯಾಮೆರಾ ಹಿಡಿದವರ ಹೆಸರು ಬರುತ್ತದೆ. ಸೌಮ್ಯರ ಹೆಸರು ಇದುವರೆಗೆ ಎಲ್ಲೂ ಬಂದಿಲ್ಲ.

ಆದರೆ ಹೊಸ ಕ್ಯಾಮೆರಾ ಕೊಳ್ಳುವ ಮುನ್ನ ಎಲ್ಲರೂ ಅದನ್ನು ಅವರಿಗೆ ತೋರಿಸುತ್ತಾರೆ. ಸೌಮ್ಯ ಮೊದಲು ಮಾಡುವ ಕೆಲಸ ವಿಚಿತ್ರವಾದದ್ದು. ಲೆನ್ಸಿಗೆ ಮುಚ್ಚಳ ಹಾಕಿ, ಒಂದು ನಿಮಿಷ ಬರೀ ಕತ್ತಲೆಯನ್ನು ಚಿತ್ರೀಕರಿಸುತ್ತಾರೆ.

“ಏನೂ ಇಲ್ದಿರೋ ಕಡೆ ಯಾವ ಕ್ಯಾಮೆರಾ ಎಷ್ಟು ಸುಳ್ಳು ಹೇಳ್ತದೆ ನೋಡ್ಬೇಕು. ಕೆಲವು ಕತ್ತಲಲ್ಲೂ ಅಕ್ಕಿ ನುಚ್ಚು ಚೆಲ್ಲಿದ ಹಂಗೆ ಚುಕ್ಕಿ ತೋರಿಸ್ತವೆ. ಅಂಥದ್ದು ನಂಬಿ ಎಂತ ಮಾಡೂದು?”

ಇಂದು ಮುಂಜಾನೆಯೂ ಅದೇ ಪರೀಕ್ಷೆ ನಡೆದಿದೆ, ಚುಕ್ಕಿ ಕಡಿಮೆ ತೋರಿಸಿದ್ದು ಹಳೆಯದು. ಸ್ಟುಡಿಯೋದ ಹೊಸ ಕ್ಯಾಮೆರಾದ್ದು ಬೆರಳುಗುರಿನಷ್ಟು ಸೆನ್ಸರ್, ಅಂದರೆ ಬೆಳಕು ಹಿಡಿಯುವ ಬಿಲ್ಲೆ; ಅದರೊಳಗೆ ಲೆಕ್ಕವಿಲ್ಲದಷ್ಟು ಪಿಕ್ಸೆಲ್. ಯಲ್ಲಾಪುರದ ಹಳೆಯದರಲ್ಲಿ ಪಿಕ್ಸೆಲ್ ಕಡಿಮೆ, ಸೆನ್ಸರ್ ದೊಡ್ಡದು. ಅದರ ಒಡೆಯ ಸಂದೇಶ ಎಂಬವರು ಅದನ್ನು ಕೊಡುವಾಗಲೇ ಚುಚ್ಚಿದ್ದರಂತೆ: “ಹೊಸ ಕುದುರೆ ಬಿಟ್ಟು ನನ್ ಮುದಿ ಎತ್ತು ಕೇಳ್ತೀಯಲ್ಲ ಅಕ್ಕಾ!”

“ಮಳೆನೀರಿಗೆ ಸೂರಿನಡಿ ಕೊಡ ಇಡ್ತೇವಲ್ಲ, ಹಂಗೆ ಇದು,” ಎನ್ನುತ್ತಾರೆ ಸೌಮ್ಯ. “ನೂರು ಚೊಂಬು ಇಟ್ಟೆ ಅಂತ ಜಂಬ ಮಾಡ್ತಾರೆ. ಬಾಯಿ ಎಷ್ಟಗಲ ಅಂತ ಯಾರೂ ಕೇಳಲ್ಲ. ಇಂಥ ಕೋಣೆಲಿ ಬೆಳಕು ಬೀಳೂದೇ ನಾಕು ಹನಿ. ಅಗಲ ಬಾಯಿದೇ ಬೇಕು.”

ಹಳೆಯದನ್ನು ಆರಿಸಲು ಇನ್ನೊಂದು ಕಾರಣವಿದೆ. ಅದು ರಾ ಫೈಲ್ ಕೊಡುತ್ತದೆ, ಅಂದರೆ ಸೆನ್ಸರಿಗೆ ಬಿದ್ದ ಬೆಳಕನ್ನು ಬೇಯಿಸದೆ, ಹಿಂಡದೆ, ಇದ್ದ ಹಾಗೇ. ಹತ್ತು ನಿಮಿಷಕ್ಕೆ ಎಂಬತ್ತು ಜಿಬಿ ನುಂಗುವ ಇದನ್ನು ಮದುವೆಗೆ ಯಾರೂ ಬಳಸುವುದಿಲ್ಲ. “ಇದು ನೆನೆಸಿದ ಅಕ್ಕಿ. ಉಳಿದವೆಲ್ಲ ಹೊಯ್ದ ದೋಸೆ. ಉಪ್ಪು ಹೆಚ್ಚಾತು ಅಂತ ದೋಸೆನ ತಿರುಗಿ ಅಕ್ಕಿ ಮಾಡಕ್ಕಾಗ್ತದಾ?”

ಈ ಪ್ರಶ್ನೆ ಅವರದೇ ತಪ್ಪಿನಿಂದ ಹುಟ್ಟಿದ್ದು. ಎರಡು ವರ್ಷದ ಹಿಂದೆ ಸುಬ್ಬಜ್ಜಿಯ ಮೊಮ್ಮಗಳ ಆ ಮದುವೆಗೆ ಇದೇ ಸ್ಟುಡಿಯೋದ ಕ್ಯಾಮೆರಾ ಬಂದಿತ್ತು. ಹುಡುಗನೊಬ್ಬ ರಜೆಯಲ್ಲಿದ್ದ ಕಾರಣ ಸೌಮ್ಯರೇ ಜೊತೆಗೆ ಬಂದಿದ್ದರು. ಕ್ಯಾಮೆರಾಕ್ಕೆ ಮೊದಲು ‘ಬಿಳಿ ಅಂದರೆ ಇದು’ ಎಂದು ಏನಾದರೊಂದನ್ನು ತೋರಿಸಬೇಕು. ಉಳಿದ ಬಣ್ಣಗಳನ್ನೆಲ್ಲ ಅದು ಅದರ ಮೇಲೆ ಅಳೆಯುತ್ತದೆ. ಸೌಮ್ಯ ತೋರಿಸಿದ್ದು ಹಸೆಯ ಬಿಳಿ ಎಳೆಯನ್ನು.

“ಹುಟ್ಟಿದಾಗಿಂದ ನಮಗೆ ಬಿಳಿ ಅಂದ್ರೆ ಗೋಡೆ ಮೇಲಿನ ಅಕ್ಕಿಹಿಟ್ಟೇ. ಅದು ಒಣಗಿದ್ರೆ ಹಳದಿ ತಿರುಗ್ತದೆ ಅಂತ ಹೊಳಿಲೇ ಇಲ್ಲ.”

ಆ ಹಳದಿಯನ್ನು ಬಿಳಿಯೆಂದು ನಂಬಿದ ಕ್ಯಾಮೆರಾ ಇಡೀ ಕೋಣೆಯನ್ನು ನೀಲಿಯತ್ತ ತಳ್ಳಿತು. ಕೆಮ್ಮಣ್ಣು ಕೊಳೆತ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಹಿಂಡಿದ ಫೈಲಿನಲ್ಲಿ ಮರಳಿ ಎಳೆಯಲು ಕೆಂಪೇ ಉಳಿದಿರಲಿಲ್ಲ. ವಿಡಿಯೋ ನೋಡಿದ ಸುಬ್ಬಜ್ಜಿ ಕೇಳಿದ್ದು ಒಂದೇ ಮಾತು: “ಇದ್ಯಾರ ಮನೆ ಗ್ವಾಡೆನೇ?”

ಸೌಮ್ಯ ಅಂದೇ ಮಾತು ಕೊಟ್ಟರು: ನಿನ್ನ ಕಣ್ಣು ಇರುವಾಗಲೇ ನಿನ್ನ ಕೆಂಪು ತೋರಿಸುತ್ತೇನೆ. ಕ್ಯಾಮೆರಾ ಸಿಕ್ಕಲಿಲ್ಲ, ಹಂಗಾಮು ಮುಗಿಯಲಿಲ್ಲ. ಎರಡು ವರ್ಷ ಹೋಯಿತು, ಜೊತೆಗೆ ಒಂದು ಕಣ್ಣೂ ಹೋಯಿತು.

ಇಷ್ಟು ಹಟ ಯಾಕೆ ಎಂದರೆ ಸೌಮ್ಯ ತಮ್ಮ ತಾಯಿಯ ವಿಷಯ ಹೇಳುತ್ತಾರೆ. ತೀರಿಕೊಂಡ ತಾಯಿ ಇರುವುದು ಒಂದೇ ವಿಡಿಯೋದಲ್ಲಿ, ಚಿಕ್ಕಮ್ಮನ ಮದುವೆಯದು. ಬಾಗಿಲ ಬೆಳಕಿಗೆ ಬೆನ್ನು ಹಾಕಿ ನಿಂತಿದ್ದಾರೆ. “ಅವ್ವ ಅಲ್ಲಿ ಬರೀ ಕಪ್ಪು. ನೂರು ಸಲ ಬೆಳಕು ಎಳ್ದು ನೋಡೀನಿ. ಮುಖ ಅಡಗಿ ಕೂತಿಲ್ಲ. ಅದು ಬಿದ್ದೇ ಇಲ್ಲ ಅಲ್ಲಿ.”

ಬೆಳಕು ಗೋಡೆಯ ಅಂಚಿಗೆ ಸರಿದಿದೆ. ಇವತ್ತು ಅವರು ಅಕ್ಕಿಹಿಟ್ಟನ್ನು ನಂಬುವುದಿಲ್ಲ. ಬಣ್ಣದ ಅಳತೆಗೆಂದು ಬೂದುಬಣ್ಣದ ರಟ್ಟೊಂದನ್ನು ಗೋಡೆಗಾನಿಸಿ ಅದನ್ನೂ ಚಿತ್ರೀಕರಿಸುತ್ತಾರೆ. ಕೊನೆಗೆ, ಭತ್ತ ತುಂಬಿಡುವ ಮರದ ಪಣತ ಸರಿಸಿದ ಮೂಲೆಗೆ ಕ್ಯಾಮೆರಾ ತಿರುಗಿಸುತ್ತಾರೆ. ಆ ಕತ್ತಲಲ್ಲಿ ಬರಿಗಣ್ಣಿಗೆ ಏನೂ ಕಾಣುವುದಿಲ್ಲ. ಉಗುರಿನಿಂದ ಚೂರು ಕೆಮ್ಮಣ್ಣು ಕೆರೆದು ಸುಣ್ಣದ ಡಬ್ಬಿಗೆ ಹಾಕಿಕೊಂಡು ಎದ್ದೇಳುತ್ತಾರೆ.

“ಹೂಂ ಜಟ್ಟಣ್ಣ.”

ಮೊದಲ ಹೊಡೆತಕ್ಕೇ ಗೋಡೆ ಕುಸಿದು ಕೂರುತ್ತದೆ. ಅಂಗಳದಲ್ಲಿ ಕೂತ ಸುಬ್ಬಜ್ಜಿ ಸದ್ದು ಬಂದ ಕಡೆಗೆ ಮುಖ ತಿರುಗಿಸುತ್ತಾರೆ.

ಮೂರನೆಯ ದಿನ ಮಧ್ಯಾಹ್ನ ಸೌಮ್ಯ ಬಸ್ಸಿನಲ್ಲಿ ಮಾನಿಟರನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಬರುತ್ತಾರೆ. ಎರಡು ದಿನ ಆ ಮಣ್ಣಿನ ಚೂರನ್ನು ಪರದೆಯ ಪಕ್ಕದಲ್ಲಿಟ್ಟು ಬಣ್ಣ ಕೂಡಿಸಿದ್ದಾರೆ. ಅಂಗಳದ ಬಿಸಿಲಿಗೆ ಪರದೆ ಕಾಣುವುದಿಲ್ಲ, ಒಳಕೋಣೆಗೆ ಈಗ ಗೋಡೆಯಿಲ್ಲ. ಜಟ್ಟಪ್ಪ ಕರಿ ಕಂಬಳಿ ತಂದು ಸೌಮ್ಯ, ಅಜ್ಜಿ ಇಬ್ಬರ ತಲೆಯ ಮೇಲೂ ಮಾನಿಟರಿನ ಮೇಲೂ ಹೊದಿಸುತ್ತಾರೆ. ಹೊರಗಿನವರಿಗೆ ಮಾತು ಮಾತ್ರ ಕೇಳುತ್ತದೆ.

“ಕಾಣ್ತದಾ ಅಜ್ಜಿ?”

“ತಡಿಯೇ, ಕಣ್ಣು ಬರ್ಲಿ.”

ಕಂಬಳಿ ಮೆಲ್ಲಗೆ ಮುಂದಕ್ಕೆ ಬಾಗುತ್ತದೆ. ಅಜ್ಜಿ ಮೂಗು ಪರದೆಗೆ ತಾಗಿಸಿರಬೇಕು.

“ಈ ಮೂಲೆ, ಪಣತದ ಹಿಂದಿದ್ದು ಅಲ್ಲ? ಎಳೆ ಸೊಟ್ಟ ಹೋಗ್ಯದೆ. ಒಂದಲ್ಲ, ಮೂರು.”

“ಹೌದು.”

“ಬರೀವಾಗ ನೆಟ್ಟಗೇ ಕಂಡಿತ್ತು ನಂಗೆ. ಅವತ್ತೇ ಶುರುವಾಗಿತ್ತು ನೋಡು ಕಣ್ಣು ಹೋಗೂದು. ಯಾರಿಗೂ ತಿಳೀಲಿಲ್ಲ.”

“ನೆಟ್ಟಗೆ ಮಾಡ್ಲಾ ಅಜ್ಜಿ? ಇದ್ರಲ್ಲಿ ಆಗ್ತದೆ.”

“ಬ್ಯಾಡ. ಹಂಗೇ ಇರ್ಲಿ. ಕೆಂಪು ನಂದೇ.”

ಕಂಬಳಿಯಿಂದ ಮೊದಲು ಹೊರಬರುವುದು ಸೌಮ್ಯ. ಹಣೆಯ ತುಂಬ ಬೆವರು, ಕಣ್ಣು ಕೆಂಪಾಗಿದೆ. ಸುಣ್ಣದ ಡಬ್ಬಿ ತೆಗೆದು, ಒಳಗಿದ್ದ ಮಣ್ಣಿನ ಚೂರನ್ನು ಬಿದ್ದ ಗೋಡೆಯ ರಾಶಿಯ ಮೇಲೆ ಮರಳಿ ಹಾಕುತ್ತಾರೆ.

“ಆತು,” ಎನ್ನುತ್ತಾರೆ ಜಟ್ಟಪ್ಪನಿಗೆ. “ನಾಕೂವರೆ ಬಸ್ಸು ಸಿಕ್ತದಾ?”