ನಾಲ್ಕು ಬೆರಳು ದೊಡ್ಡ ಸ್ಟ್ಯಾಂಡು

ನಮ್ಮ ಮನೆಯಲ್ಲಿ ಮಕ್ಕಳಿಗೆ ಅಳತೆಗೆ ಸರಿಯಾಗಿ ಯಾವುದನ್ನೂ ಹೊಲಿಸುವುದಿಲ್ಲ. ಅಂಗಿಯ ತೋಳಿಗೆ ಎರಡು ಮಡಿಕೆ, ಲಂಗದ ಅಂಚಿಗೆ ಮೂರು. ಬೆಳೆಯುವ ಕೂಸು ಎಂಬುದು ಅತ್ತೆಯ ಮಾತು. ಸಿಂದಗಿಗೆ ಸೊಸೆಯಾಗಿ ಬಂದ ಮೇಲೆ ನಾನೂ ಅದಕ್ಕೆ ತಲೆಯಾಡಿಸಿದೆ. ಆದರೆ ಮಗಳ ಸ್ಟ್ಯಾಂಡನ್ನೂ ಅವರು ಹಾಗೇ ಮಾಡಿಸಿದ್ದನ್ನು ಇಂದಿಗೂ ಕ್ಷಮಿಸಿಲ್ಲ.

ಮಗಳಿಗೆ ಆಗ ನಾಲ್ಕು ವರ್ಷ. ಹುಟ್ಟುವಾಗ ಮಿದುಳಿಗೆ ಪೆಟ್ಟಾಗಿ ಕಾಲುಗಳು ಬಿಗಿದಿದ್ದವು. ಹಿಮ್ಮಡಿ ನೆಲ ಮುಟ್ಟುತ್ತಿರಲಿಲ್ಲ. ತಿಂಗಳಿಗೊಮ್ಮೆ ಬರುತ್ತಿದ್ದ ಫಿಜಿಯೋಥೆರಪಿ ಮೇಡಂ, ದಿನಕ್ಕೊಂದು ತಾಸು ಕಟ್ಟಿಗೆಯ ಸ್ಟ್ಯಾಂಡಿನಲ್ಲಿ ಪಟ್ಟಿ ಕಟ್ಟಿ ನೇರ ನಿಲ್ಲಿಸಿ, ಮೂರು ತಿಂಗಳಲ್ಲಿ ಹಿಮ್ಮಡಿ ಇಳಿಯದಿದ್ದರೆ ಆಪರೇಶನ್ ಮಾಡಿಸಬೇಕಾಗುತ್ತದೆ ಎಂದರು. ಎದೆ, ಸೊಂಟ, ಮೊಣಕಾಲಿನ ಅಳತೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ಓಣಿಯ ಬಡಿಗೇರನಿಗೆ ಕೊಟ್ಟೆ.

ಬಂದ ಸ್ಟ್ಯಾಂಡು ನುಣುಪಾಗಿತ್ತು. ಆದರೆ ಎದೆಯ ಪಟ್ಟಿ ಗದ್ದಕ್ಕೆ ತಾಗುತ್ತಿತ್ತು, ಮೊಣಕಾಲಿನದು ತೊಡೆಗೆ. ಮಗಳು ಒಂದು ಬದಿಗೆ ವಾಲುತ್ತಿದ್ದಳು. ನಾನು ಸಂದಿಗೆ ಟವೆಲ್ ತುರುಕಿ, ಪಾದದಡಿ ಕೌದಿ ಮಡಿಚಿಟ್ಟು, ಒಂದು ತಿಂಗಳು ಹಾಗೇ ನಿಲ್ಲಿಸಿದೆ. ಮೆತ್ತನೆಯ ಕೌದಿಯ ಮೇಲೆ ಹಿಮ್ಮಡಿ ಇನ್ನಷ್ಟು ಮೇಲೆದ್ದಿತು. ಮೇಡಂ ಬಂದವರೇ ಟೇಪು ಹಿಡಿದು, ಅಳತೆ ಬದಲಿಸಿದ್ದು ಯಾರು ಎಂದು ನನ್ನನ್ನೇ ಗದರಿದರು.

ಬಡಿಗೇರನನ್ನು ಕೇಳಿದೆ. ನಿಮ್ಮ ಅತ್ತೆಯವರೇ ಬಂದು ಉದ್ದಕ್ಕೂ ಅಗಲಕ್ಕೂ ನಾಲ್ಕು ಬೆರಳು ಹೆಚ್ಚಿಸು ಎಂದಿದ್ದರು ಎಂದ.

ಅತ್ತೆ ಜೋಳ ಹಸನು ಮಾಡುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಹೌದು, ನಾನಽ ಹೇಳೇನಿ. ಕೂಸು ಬೆಳಿಯೂದಿಲ್ಲೇನು?"

"ಇದು ಅಂಗಿ ಅಲ್ರಿ ಅತ್ತಿ. ಒಂದ್ ತಿಂಗಳು ಹಾಳಾತು."

"ಕಾನ್ವೆಂಟ್ ಸಾಲಿ ಕಲ್ತಾಕಿ ನೀ. ಪಟ್ಟಿ ಗದ್ದಕ್ಕ ಬಂದಿದ್ದು ನಿನಗ ಕಾಣಲಿಲ್ಲೇನು?"

ಕಂಡಿತ್ತು. ಅದಕ್ಕೇ ಆ ಮಾತು ಅಷ್ಟು ಚುಚ್ಚಿತು. ದನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದರು; ಎತ್ತಲಿಲ್ಲ. ಸ್ಟ್ಯಾಂಡನ್ನು ಓಣಿಯುದ್ದಕ್ಕೂ ಎಳೆದುಕೊಂಡು ಹೋದೆ. ಅತ್ತೆ ಹಿಂದೆಯೇ ಬಂದು, ಒಳ್ಳೆ ಸಾಗವಾನಿ, ಗರಗಸ ಹಚ್ಚಬೇಡ ಎಂದು ಬಡಿಗೇರನನ್ನು ತಡೆದರು. ಅವನು ನಮ್ಮಿಬ್ಬರ ಮುಖ ನೋಡಿದ.

"ಕೂಸು ನಂದು," ಎಂದೆ. "ಕೊಯ್ರಿ."

ಅವನು ಕೊಯ್ದು ಮುಗಿಸುವವರೆಗೆ ನಾವಿಬ್ಬರೂ ಅಲ್ಲೇ ನಿಂತಿದ್ದೆವು.

ಉಳಿದ ಎರಡು ತಿಂಗಳಲ್ಲಿ ಬಲ ಹಿಮ್ಮಡಿ ನೆಲ ಮುಟ್ಟಿತು. ಎಡದ್ದು ಮುಟ್ಟಲಿಲ್ಲ. ಆ ಒಂದು ತಿಂಗಳು ಕೈಯಲ್ಲಿದ್ದಿದ್ದರೆ ಅದೂ ಇಳಿಯುತ್ತಿತ್ತೇ ಎಂದು ಮೇಡಂ ಅವರನ್ನು ಕೇಳಿದೆ. ಅವರು ಫೈಲಿನ ಹಾಳೆ ತಿರುವಿದರು.

ಎಡಗಾಲಿನ ಆಪರೇಶನ್ ಆಗಿ ಮನೆಗೆ ಬಂದ ದಿನ ಅತ್ತೆ ಒಂದು ದಿಂಬು ತಂದು, ಮಗಳ ಪ್ಲಾಸ್ಟರ್ ಕಾಲಿನ ಕೆಳಗಿಟ್ಟು, ಅಂಚನ್ನು ಎರಡು ಸಲ ತಟ್ಟಿ ಸರಿಮಾಡಿದರು. ಅವರು ಅಡುಗೆಮನೆಗೆ ಹೋದ ಮೇಲೆ ಅದನ್ನು ತೆಗೆದು ನನ್ನ ದಿಂಬು ಇಟ್ಟೆ.