ಮೂವತ್ತೇಳನೇ ನಂಬರಿನ ಕಾರ್ಡು

ಭಟ್ಕಳ–ಕುಮಟಾ ಟೆಂಪೋ ಓಡಿಸುವ ದಿನಕರ ನಾಯ್ಕ ಮೂವತ್ತು ವರ್ಷದಿಂದ ಒಂದೇ ಒಂದು ಕಾರ್ಡಿಗಾಗಿ ಕಾದವನು. ಅವನು ಹೊನ್ನಾವರದ ಶಾಲೆಯಲ್ಲಿ ಓದುವಾಗ ಬಬಲ್‌ಗಮ್ ಪೊಟ್ಟಣದೊಳಗೆ ಕ್ರಿಕೆಟ್ ಆಟಗಾರರ ಚಿತ್ರದ ಕಾರ್ಡು ಬರುತ್ತಿತ್ತು. ಐವತ್ತೂ ಕೂಡಿಸಿದವರಿಗೆ ಬ್ಯಾಟು ಬಹುಮಾನ. ದಿನಕರ ನಲವತ್ತೊಂಬತ್ತು ಕೂಡಿಸಿದ. ಮೂವತ್ತೇಳನೇ ನಂಬರಿನದು ಇಡೀ ಶಾಲೆಯಲ್ಲಿ ಯಾರಿಗೂ ಬರಲಿಲ್ಲ. ಉಳಿದವರು ಕಂಪನಿಗೆ ಬೈದು ಮರೆತರು. ಈ ಪುಣ್ಯಾತ್ಮ ಮರೆಯಲಿಲ್ಲ.

ಹೋದ ವರ್ಷ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಅಮೆರಿಕದಲ್ಲಿ ಬೇಸ್‌ಬಾಲ್ ಆಟಗಾರನ ಹಳೇ ಕಾರ್ಡೊಂದು ಕೋಟಿಗಟ್ಟಲೆ ಬೆಲೆಗೆ ಹೋಯಿತಂತೆ. ಬೇಸ್‌ಬಾಲ್ ಎಂತ ಆಟ ಎಂಬುದು ಅವನಿಗೆ ಗೊತ್ತಿಲ್ಲ, ಕೋಟಿ ಎಂದರೆ ಗೊತ್ತು. ಅದಾಗಿ ತಿಂಗಳೊಳಗೆ ಭಟ್ಕಳದ ಹಳೇ ಸಾಮಾನಿನ ಅಂಗಡಿಯಲ್ಲಿ ಮೂವತ್ತೇಳನೇ ನಂಬರು ಕಣ್ಣಿಗೆ ಬಿತ್ತು. ಅಸಲಿಯೋ ನಕಲಿಯೋ ತನಗೂ ತಿಳಿಯದು, ಬೇಕಾದರೆ ಹದಿನೆಂಟು ಸಾವಿರ ಕೊಟ್ಟು ತಗೋ ಎಂದ ಅಂಗಡಿಯವ.

ಅಷ್ಟು ದುಡ್ಡು ಮನೆಯಲ್ಲಿತ್ತು. ಹೆಂಡತಿ ಮಾದೇವಿ ಕಾಲಲ್ಲಿ ತುಳಿಯುವ ಮಿಷನ್ನಿನಲ್ಲಿ ಊರವರ ರವಿಕೆ ಹೊಲಿಯುತ್ತಾಳೆ. ಮೊಣಕಾಲು ನೋವು ತಡೆಯಲಾಗದೆ ಮೋಟಾರಿನ ಮಿಷನ್ನಿಗೆಂದು ಕೂಡಿಟ್ಟದ್ದು ಅದು. ಕೇಳಲು ಬಾಯಿ ಬರದೆ ದಿನಕರ ಎರಡು ದಿನ ಒದ್ದಾಡಿದ. ಕೊನೆಗೆ ಅವಳೇ ಡಬ್ಬಿ ತೆಗೆದು ಕೈಗಿಟ್ಟಳು. ಮಾರಿದರೆ ನಾಲ್ಕು ಮಿಷನ್ ಬರುತ್ತದೆ ಎಂಬ ಅವನ ಮಾತು ನಂಬಿದಳೋ, ಅವನ ಮುಖ ನೋಡಲಾಗದೆ ಕೊಟ್ಟಳೋ, ಹೇಳುವುದು ಕಷ್ಟ.

ಕಾರ್ಡು ಮನೆಗೆ ಬಂತು, ಹಿಂದೆಯೇ ಮಳೆಗಾಲ ಹಿಡಿಯಿತು. ನಮ್ಮ ಕಡೆ ಮಳೆಗಾಲದಲ್ಲಿ ಕಾಗದವೆಲ್ಲ ಬೂಷ್ಟಿನ ಪಾಲು. ರೇಷನ್ ಕಾರ್ಡಿರಲಿ, ಆಧಾರ್ ಕಾರ್ಡಿರಲಿ, ಕಾರ್ಡು ಎಂದಮೇಲೆ ಲ್ಯಾಮಿನೇಶನ್ ಮಾಡಿಸದೆ ನಾವು ಬಿಡುವವರಲ್ಲ. ಒಂದು ಸಂಜೆ ಮಾದೇವಿ ಖುಷಿಯಿಂದ ಕಾರ್ಡು ತಂದು ತೋರಿಸಿದಳು. ಝೆರಾಕ್ಸ್ ಅಂಗಡಿಯಲ್ಲಿ ಮೂವತ್ತು ರೂಪಾಯಿ ಕೊಟ್ಟು ಪ್ಲಾಸ್ಟಿಕ್ ಹೊದಿಸಿಕೊಂಡು ಬಂದಿದ್ದಳು. ದಿನಕರನಿಗೂ ಖುಷಿಯೇ ಆಯಿತು, ಪಾಪ.

ಮರುವಾರ ಅದನ್ನು ಕುಮಟಾದ ಗುರುದತ್ತ ಮಾಸ್ತರರಿಗೆ ತೋರಿಸಿದ. ಹಳೇ ನಾಣ್ಯ, ಅಂಚೆಚೀಟಿ, ಕಾರ್ಡು ಕೂಡಿಸುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವರು ಅವರು. ನೋಡಿದವರೇ ಕನ್ನಡಕ ತೆಗೆದಿಟ್ಟರು.

"ಕಾಗದ ಮುಟ್ಟಿ ನೋಡ್ದೆ ಅಸಲಿ ಹೌದೋ ಅಲ್ಲೋ ಹೇಳೂಕೆ ಬರೂದಿಲ್ಲ ತಮಾ. ಪ್ಲಾಸ್ಟಿಕ್ ಕಿತ್ರೆ ಚಿತ್ರನೂ ಕಿತ್ತೇ ಬತ್ತದೆ. ಅಸಲಿ ಆಗಿದ್ರೂ ಇನ್ನು ಇದನ್ನ ಯಾರೂ ತಕಣೂದಿಲ್ಲ."

ವಾಪಸು ಬರುವಾಗ ಅವನ ತಲೆ ಕಲಸಿದ ಹಾಗಾಗಿತ್ತು. ನಕಲಿಯಾದರೆ ಮೋಸ ಹೋದವನು ತಾನು. ಅಸಲಿಯಾದರೆ ಹಾಳು ಮಾಡಿದವಳು ಮಾದೇವಿ. ಯಾವುದಾಗಿರಲಿ ಎಂದು ದೇವರಲ್ಲಿ ಬೇಡಿಕೊಳ್ಳಬೇಕು ಎಂಬುದೇ ತಿಳಿಯಲಿಲ್ಲ. ಶರಾವತಿ ಸೇತುವೆಯ ಮೊದಲು ಇಳಿಯಬೇಕಾದ ಹೆಂಗಸೊಬ್ಬಳನ್ನು ಸೇತುವೆ ದಾಟಿಸಿ ಬೈಸಿಕೊಂಡ.

ಮನೆಯಲ್ಲಿ ಮಿಷನ್ ಓಡುತ್ತಿತ್ತು. ಇವನನ್ನು ಕಂಡು ಮಾದೇವಿ ತುಳಿಯುವುದನ್ನು ನಿಲ್ಲಿಸಿದಳು.

"ಮಾಸ್ತರ್ರು ಎಂತ ಹೇಳ್ರು?"

"ಡುಪ್ಲಿಕೇಟ್ ಅಂತೆ," ಎಂದ ದಿನಕರ. "ನಾನೇ ಮೋಸ ಹೋದೆ."

ಅವಳು ಮೊಣಕಾಲು ನೀವಿಕೊಂಡಳು.

"ಆತು ಬಿಡಿ. ಲ್ಯಾಮಿನೇಶನ್ನಿಗೆ ಕೊಟ್ಟ ಮೂವತ್ತು ರೂಪಾಯೂ ದಂಡ ಆತು," ಎಂದು ಮತ್ತೆ ತುಳಿಯತೊಡಗಿದಳು.

ತಾನು ಹೇಳಿದ್ದು ಸುಳ್ಳೋ ನಿಜವೋ, ದಿನಕರನಿಗೆ ಇವತ್ತಿಗೂ ಗೊತ್ತಿಲ್ಲ.