ನಾಲ್ಕನೆಯ ಪಿನ್ನು

ಈ ಸಲದ ಊಟವೇ ಕೊನೆ ಎಂದು ಹೇಳಿಬಿಡಬೇಕೆಂದುಕೊಂಡೇ ನರಸಯ್ಯ ಅಬ್ಬಿಗೆರೆಯಿಂದ ಎರಡು ಬಸ್ಸು ಹತ್ತಿಳಿದು ಯಲಹಂಕದ ಬಾರೊಂದಕ್ಕೆ ಬಂದಿದ್ದ. ವಾಯುಪಡೆಯಲ್ಲಿ ಬಾಂಬರ್ ವಿಮಾನಕ್ಕೆ ಬಾಂಬು ಕಟ್ಟುತ್ತಿದ್ದವನು ಅವನು. ನಿವೃತ್ತನಾದ ಮೇಲೆ ವರ್ಷಕ್ಕೊಮ್ಮೆ ಹಳೆಯ ಸಂಗಡಿಗರಿಗೆಲ್ಲ ಫೋನು ಮಾಡಿ, ಗೋಗರೆದು, ಊಟಕ್ಕೆ ಸೇರಿಸುತ್ತಿದ್ದವನೂ ಅವನೇ. ಈ ವರ್ಷ ಒಬ್ಬನಿಗೆ ಮಂಡಿನೋವು. ಇನ್ನೊಬ್ಬನ ಫೋನೆತ್ತಿದ ಸೊಸೆ, "ಮಾವ ಹೋಗಿ ಮೂರು ತಿಂಗಳಾಯ್ತಲ್ಲ ಅಂಕಲ್" ಅಂದಿದ್ದಳು.

ಬಂದವರು ಪೈಲಟ್ ಆಗಿದ್ದ ಉತ್ತಯ್ಯ ಸಾಹೇಬರೊಬ್ಬರೇ. ಅವರಿಗೋ ಮರೆವಿನ ಕಾಯಿಲೆ. ಮಗಳು ಕರೆತಂದು ಕೂರಿಸಿ ಹೋಗಿದ್ದಳು.

"ಸಾರ್, ನಾನು ನರಸಯ್ಯ."

"ಹೌದಾ? ಸಂತೋಷ."

ಮೂರು ಸಲ ಹೇಳುವಷ್ಟರಲ್ಲಿ ನರಸಯ್ಯನಿಗೆ ಸಾಕುಸಾಕಾಯಿತು.

ಹಿಂದೆಲ್ಲ ವಿಮಾನ ಹೊರಡುವ ಮುನ್ನ ನಾಲ್ಕು ಬಾಂಬುಗಳು ಮೊದಲೇ ಸಿಡಿಯದಂತೆ ಸಿಕ್ಕಿಸಿದ್ದ ಸೇಫ್ಟಿ ಪಿನ್ನು ಕಿತ್ತು, ಕೆಳಗೆ ನಿಂತು ಎತ್ತಿ ತೋರಿಸುವುದು ಅವನ ಕೆಲಸ. ಸಾಹೇಬರು ನಾಲ್ಕನ್ನೂ ಎಣಿಸಿ ಹೆಬ್ಬೆರಳೆತ್ತಿದರೆ ಮಾತ್ರ ವಿಮಾನ ಕದಲುತ್ತಿತ್ತು. ಏನು ತೋಚಿತೋ, ನರಸಯ್ಯ ಮೇಜಿನ ಮೇಲಿದ್ದ ಚಮಚಗಳನ್ನು ಬಾಚಿ ಎತ್ತಿಹಿಡಿದ.

ಸಾಹೇಬರು ಒಂದೊಂದಾಗಿ ಎಣಿಸಿದರು. ಹೆಬ್ಬೆರಳು ಏಳಲಿಲ್ಲ.

"ಮೂರೇ ಇದೆಯಲ್ಲೋ ನರಸಯ್ಯ. ಇನ್ನೊಂದೆಲ್ಲಿ?"

ನರಸಯ್ಯ ಚಮಚಗಳನ್ನು ಮೆಲ್ಲಗೆ ಕೆಳಗಿಟ್ಟ.

"ಬರೋ ವರ್ಷ ತರ್ತೀನಿ ಸಾರ್."